ರೈಲು ಹತ್ತದೆ ಬೆಂಗಳೂರು ಸೇರಿದ ಕ್ಷೇತ್ರ

ಕನಕಪುರದ ಕಡೆಯ ರೇಷ್ಮೆ ಬೆಳೆಗಾರರೊಬ್ಬರ ಮನೆಯ ಟ್ರಂಕಿನಲ್ಲಿ ಜಮೀನಿನ ಕಾಗದಗಳಿವೆ. ಅಜ್ಜನ ಕಾಲದ ಕ್ರಯಪತ್ರದಲ್ಲಿ ‘ಬೆಂಗಳೂರು ಜಿಲ್ಲೆ, ಕಾನಕಾನಹಳ್ಳಿ ತಾಲ್ಲೂಕು’ ಎಂದಿದೆ. ಅಪ್ಪನ ಕಾಲಕ್ಕೆ ಕಾನಕಾನಹಳ್ಳಿ ಹೋಗಿ ಕನಕಪುರ ಬಂದಿದೆ. 1986ರ ನಂತರದ್ದರಲ್ಲಿ ‘ಬೆಂಗಳೂರು ಗ್ರಾಮಾಂತರ ಜಿಲ್ಲೆ’. 2007ರ ನಂತರದ್ದರಲ್ಲಿ ‘ರಾಮನಗರ ಜಿಲ್ಲೆ’. 2025ರಲ್ಲಿ ಸರ್ಕಾರ ಅದನ್ನೂ ‘ಬೆಂಗಳೂರು ದಕ್ಷಿಣ ಜಿಲ್ಲೆ’ ಮಾಡಿತು. ಮೂರು ತಲೆಮಾರಿಗೆ ಐದು ವಿಳಾಸ. ಗಡಿಕಲ್ಲು ಮಾತ್ರ ಹುಣಸೆಮರದ ಬುಡದಲ್ಲಿ ನೆಟ್ಟಲ್ಲೇ ಇದೆ.

“ನಮ್ಮೂರ್ಗೆ ರೈಲು ಬರ್ಲಿಲ್ಲ ಕಣಪ್ಪ. ನಮ್ಮೂರೇ ಎದ್ದು ಬೆಂಗ್ಳೂರಿಗೆ ಹೊಂಟೋಗೈತೆ” ಎಂದರು ಯಜಮಾನರು, ಟ್ರಂಕಿನ ಮುಚ್ಚಳ ಹಾಕುತ್ತಾ.

ಒಂದು ಲೋಕಸಭಾ ಕ್ಷೇತ್ರದ ಚರಿತ್ರೆಯನ್ನು ಇದಕ್ಕಿಂತ ಚಿಕ್ಕದಾಗಿ ಯಾರೂ ಹೇಳಲಾರರು. ಕನಕಪುರ ಲೋಕಸಭಾ ಕ್ಷೇತ್ರ 1967ರಲ್ಲಿ ಮೊದಲ ಚುನಾವಣೆ ಕಂಡಿತು, 2004ರಲ್ಲಿ ಕೊನೆಯದನ್ನು ಕಂಡಿತು, 2008ರ ಮರುವಿಂಗಡಣೆಯಲ್ಲಿ ತೀರಿಕೊಂಡಿತು. ರಾಗಿ ಹೊಲ, ಹಿಪ್ಪುನೇರಳೆ ತೋಟ, ಕಲ್ಲುಬಂಡೆ, ರಾತ್ರಿ ಹೊಲಕ್ಕಿಳಿಯುವ ಆನೆ, ಇಷ್ಟು ಇದರ ಆಸ್ತಿ. ಆದರೆ ದಿಲ್ಲಿಗೆ ಕಳಿಸಿದ ಆಳುಗಳ ಪಟ್ಟಿ ನೋಡಿದರೆ ಯಾವ ರಾಜಧಾನಿಗೂ ಹೊಟ್ಟೆಯುರಿಯಬೇಕು.

ಒಂದು ರೈಲು ಮಾರ್ಗ ಆಗಬೇಕಾದರೆ ಏನೇನು ಬೇಕು? ಯೋಜನೆ ಮಾಡುವವರೊಬ್ಬರು, ದುಡ್ಡು ಬಿಡುವವರೊಬ್ಬರು, ಹಳಿ ಹಾಕಿಸುವವರೊಬ್ಬರು. ಕನಕಪುರ ಮೂವರನ್ನೂ ಆರಿಸಿತ್ತು! 1967ರಲ್ಲಿ ಗೆದ್ದ ಎಂ.ವಿ. ರಾಜಶೇಖರನ್ ಮುಂದೆ ಕೇಂದ್ರದಲ್ಲಿ ಯೋಜನಾ ಖಾತೆಯ ರಾಜ್ಯ ಸಚಿವರಾದರು. 1971ರಲ್ಲಿ ಗೆದ್ದ ಸಿ.ಕೆ. ಜಾಫರ್ ಷರೀಫ್ ಮುಂದೆ ರೈಲ್ವೆ ಸಚಿವರೇ ಆದರು. 1977ರಿಂದ ಸತತ ಐದು ಬಾರಿ, 1999ರಲ್ಲಿ ಮತ್ತೊಮ್ಮೆ ಗೆದ್ದ ಎಂ.ವಿ. ಚಂದ್ರಶೇಖರಮೂರ್ತಿ ನರಸಿಂಹರಾಯರ ಸಂಪುಟದಲ್ಲಿ ಹಣಕಾಸು ಖಾತೆಯ ರಾಜ್ಯ ಸಚಿವರಾಗಿದ್ದರು. ಷರೀಫರು ರೈಲ್ವೆ ಖಾತೆ ಹಿಡಿಯುವ ಹೊತ್ತಿಗೆ ಬೆಂಗಳೂರು ಉತ್ತರಕ್ಕೆ ಹೋಗಿದ್ದರು. ಅವರು ದೇಶದ ಉದ್ದಗಲಕ್ಕೂ ಮೀಟರ್ ಗೇಜನ್ನು ಬ್ರಾಡ್ ಗೇಜ್ ಮಾಡಿಸಿದರು. ಹಳಿಯೇ ಇಲ್ಲದ ಕನಕಪುರದಲ್ಲಿ ಅಗಲ ಮಾಡುವುದಾದರೂ ಏನನ್ನು?

ಕ್ಷೇತ್ರದೊಳಗಿನ ರಾಮನಗರ, ಚನ್ನಪಟ್ಟಣಗಳಿಗೆ ರೈಲಿತ್ತಲ್ಲ ಎನ್ನಬಹುದು. ಇತ್ತು. ಬೆಂಗಳೂರು–ಮೈಸೂರು ಹಳಿ 1882ರ ಹೊತ್ತಿಗೇ ಬಂದಿತ್ತು. ಅಲ್ಲಿನವರಿಗೆ ವೋಟು ಇಲ್ಲದ ಕಾಲ ಅದು. ವೋಟು ಕೊಟ್ಟವರಿಗೆ ಬೇರೆಯೇ ಲೆಕ್ಕ.

1996ರಲ್ಲಿ ಅದೃಷ್ಟ ತಾನಾಗಿ ಬಾಗಿಲು ತಟ್ಟಿತು. ಎಚ್.ಡಿ. ಕುಮಾರಸ್ವಾಮಿ ಕನಕಪುರದಿಂದ ಸಂಸದರಾದರು, ಅವರ ತಂದೆ ಎಚ್.ಡಿ. ದೇವೇಗೌಡರು ದೇಶದ ಪ್ರಧಾನಿಯಾದರು. ಮಗ ಕ್ಷೇತ್ರದಲ್ಲಿ, ಅಪ್ಪ ಗದ್ದುಗೆಯಲ್ಲಿ. ಹೆಜ್ಜಾಲದಿಂದ ಕನಕಪುರದ ಮೇಲೆ ಚಾಮರಾಜನಗರಕ್ಕೆ 142 ಕಿಲೋಮೀಟರ್ ರೈಲು ಮಾರ್ಗಕ್ಕೆ 1996–97ರಲ್ಲೇ ಮಂಜೂರಾತಿ ಸಿಕ್ಕಿತು. ಊರವರು ನಿಲ್ದಾಣ ಎಲ್ಲಿ ಬರುತ್ತದೆಂದು ಜಗಳಕ್ಕೆ ಕೂರುವಷ್ಟರಲ್ಲಿ ಅಪ್ಪನ ಗದ್ದುಗೆ ಹೋಯಿತು. 1998ರಲ್ಲಿ ಮಗನ ಸೀಟೂ ಹೋಗಿ ಬಿಜೆಪಿಯ ಎಂ. ಶ್ರೀನಿವಾಸ್ ಬಂದರು. ಮಂಜೂರಾತಿ ಮಾತ್ರ ಹೋಗಲಿಲ್ಲ. ಇವತ್ತಿಗೂ ಇದೆ, ಕಡತದಲ್ಲಿ.

ಅಷ್ಟರಲ್ಲಿ ಕ್ಷೇತ್ರಕ್ಕೆ ಇನ್ನೊಂದು ಕಾಯಿಲೆ ಹತ್ತಿತ್ತು. 1976ರಲ್ಲಿ ದೇಶ ಲೋಕಸಭಾ ಕ್ಷೇತ್ರಗಳ ಲೆಕ್ಕವನ್ನು 1971ರ ಜನಗಣತಿಯ ಗೂಟಕ್ಕೆ ಕಟ್ಟಿಹಾಕಿತು. ಲೆಕ್ಕ ನಿಂತಿತು, ಬೆಂಗಳೂರು ನಿಲ್ಲಲಿಲ್ಲ. ಕನಕಪುರ ಕ್ಷೇತ್ರಕ್ಕೆ ಸೇರಿದ್ದ ಉತ್ತರಹಳ್ಳಿ ಹೆಸರಿಗೆ ಹಳ್ಳಿ. ಬಡಾವಣೆಯ ಮೇಲೆ ಬಡಾವಣೆ ಎದ್ದು ರಾಜ್ಯದಲ್ಲೇ ಅತಿ ದೊಡ್ಡ ವಿಧಾನಸಭಾ ಕ್ಷೇತ್ರವಾಯಿತು. ಮೂಗಿಗಿಂತ ಮೂಗುತಿ ಭಾರ. ಸಾತನೂರಿನ ಜಗಲಿಯಲ್ಲಿ ರಾಗಿ ಬೆಲೆಯ ಭಾಷಣ ಮಾಡಿ ಬಂದ ಅಭ್ಯರ್ಥಿ, ಸಂಜೆ ಉತ್ತರಹಳ್ಳಿಯ ಬಡಾವಣೆಯಲ್ಲಿ ಚರಂಡಿಯ ಭಾಷಣ ಮಾಡಬೇಕು. ಹಸಿರು ಶಾಲು ಹೊದ್ದು ಒಳಚರಂಡಿಯ ಮಾತಾಡುವುದು ಎಲ್ಲರಿಗೂ ಒಲಿಯುವ ವಿದ್ಯೆಯಲ್ಲ.

ಚಂದ್ರಶೇಖರಮೂರ್ತಿಯವರು ತೀರಿಕೊಂಡ ಮೇಲೆ 2002ರಲ್ಲಿ ಉಪಚುನಾವಣೆ ಬಂತು. ಮಾಜಿ ಪ್ರಧಾನಿಯ ಎದುರು ಡಿ.ಕೆ. ಶಿವಕುಮಾರ್. 1985ರ ವಿಧಾನಸಭಾ ಚುನಾವಣೆಯಲ್ಲಿ ಸಾತನೂರಿನಲ್ಲಿ ಇವರಿಬ್ಬರ ನಡುವೆ ಶುರುವಾದ ಎರಡು ಮನೆಗಳ ಕುಸ್ತಿ ಅಖಾಡ ಬದಲಿಸಿತ್ತು ಅಷ್ಟೆ. ಗೌಡರು ಗೆದ್ದರು. ಎರಡೇ ವರ್ಷಕ್ಕೆ, 2004ರಲ್ಲಿ, ಪತ್ರಕರ್ತೆಯಾಗಿದ್ದ ಕಾಂಗ್ರೆಸ್ಸಿನ ತೇಜಸ್ವಿನಿ ಲಕ್ಷಕ್ಕೂ ಹೆಚ್ಚಿನ ಅಂತರದಲ್ಲಿ ಗೆದ್ದರು; ಬಿಜೆಪಿಯ ರಾಮಚಂದ್ರಗೌಡರು ಎರಡನೆಯವರು, ದೇವೇಗೌಡರು ಮೂರನೆಯವರು. ಆದರೇನು, ಹಾಸನದಲ್ಲೂ ನಿಂತು ಗೆದ್ದಿದ್ದರಲ್ಲ. ಒಂದು ಹೊಲಕ್ಕೆ ಮಳೆ ಕೈಕೊಟ್ಟರೆ ಇನ್ನೊಂದು ಹೊಲದಲ್ಲಿ ಬಿತ್ತಿರಬೇಕೆಂದು ಮಣ್ಣಿನ ಮಗನಿಗೆ ಯಾರಾದರೂ ಹೇಳಿಕೊಡಬೇಕೆ? ತೇಜಸ್ವಿನಿಯವರು ಆಮೇಲೆ ಬಿಜೆಪಿಗೆ ಹೋದರು, 2024ರಲ್ಲಿ ಕಾಂಗ್ರೆಸ್ಸಿಗೇ ಬಂದರು. ಹೋಗಿ ಬರುವ ಟಿಕೆಟ್ಟು ಊರಿಗೆ ಸಿಗದಿದ್ದರೂ ಸಂಸದರಿಗಾದರೂ ಸಿಕ್ಕಿತು.

2008ರಲ್ಲಿ ಮರುವಿಂಗಡಣೆಯ ಕತ್ತರಿ ಬಂತು. ಕನಕಪುರ ಲೋಕಸಭಾ ಕ್ಷೇತ್ರ ಹೋಗಿ ‘ಬೆಂಗಳೂರು ಗ್ರಾಮಾಂತರ’ ಹುಟ್ಟಿತು. ಇಲ್ಲಿಂದ ಮುಂದೆ ಓದುಗರು ನಕಾಶೆ ಕೈಲಿ ಹಿಡಿದುಕೊಳ್ಳುವುದು ಕ್ಷೇಮ. ಕನಕಪುರವು ಗ್ರಾಮಾಂತರ ಜಿಲ್ಲೆಯಲ್ಲಿದ್ದಷ್ಟು ಕಾಲ ಕ್ಷೇತ್ರದ ಹೆಸರು ಕನಕಪುರ. ಆ ಜಿಲ್ಲೆ ಬಿಟ್ಟು ರಾಮನಗರ ಜಿಲ್ಲೆ ಸೇರಿದ ಮರುವರ್ಷವೇ ಕ್ಷೇತ್ರದ ಹೆಸರು ಗ್ರಾಮಾಂತರ! ಹಾಗಾದರೆ ನಿಜವಾದ ಗ್ರಾಮಾಂತರ ಜಿಲ್ಲೆಯ ದೇವನಹಳ್ಳಿ, ದೊಡ್ಡಬಳ್ಳಾಪುರ, ಹೊಸಕೋಟೆ, ನೆಲಮಂಗಲ ಎಲ್ಲಿ ಹೋದವು? ನಾಲ್ಕೂ ಚಿಕ್ಕಬಳ್ಳಾಪುರ ಲೋಕಸಭಾ ಕ್ಷೇತ್ರಕ್ಕೆ. ಹೀಗೆ ಬೆಂಗಳೂರು ಗ್ರಾಮಾಂತರ ಕ್ಷೇತ್ರದಲ್ಲಿ ರಾಜರಾಜೇಶ್ವರಿ ನಗರವಿದೆ, ತುಮಕೂರು ಜಿಲ್ಲೆಯ ಕುಣಿಗಲ್ ಇದೆ. ಗ್ರಾಮಾಂತರ ಜಿಲ್ಲೆಯ ಈ ನಾಲ್ಕರಲ್ಲಿ ಒಂದೂ ಇಲ್ಲ. ಮದುವೆ ಮನೆಯಲ್ಲಿ ಎಲ್ಲರೂ ಇದ್ದಾರೆ, ಮದುಮಗ ಮಾತ್ರ ಪಕ್ಕದೂರಿನ ಪಂಕ್ತಿಯಲ್ಲಿ ಊಟಕ್ಕೆ ಕೂತಿದ್ದಾನೆ.

2025ರ ನಾಮಕರಣ ಇದಕ್ಕೆ ಇನ್ನೊಂದು ಗಂಟು ಹಾಕಿತು. ಈಗ ‘ಬೆಂಗಳೂರು ದಕ್ಷಿಣ’ ಎಂದರೆ ಜಯನಗರ, ಬಸವನಗುಡಿಗಳ ಲೋಕಸಭಾ ಕ್ಷೇತ್ರ. ‘ಬೆಂಗಳೂರು ದಕ್ಷಿಣ’ ಎಂಬ ವಿಧಾನಸಭಾ ಕ್ಷೇತ್ರವೂ ಇದೆ, ಅದಿರುವುದು ಗ್ರಾಮಾಂತರ ಲೋಕಸಭಾ ಕ್ಷೇತ್ರದಲ್ಲಿ. ಕನಕಪುರ, ಚನ್ನಪಟ್ಟಣ, ಮಾಗಡಿಗಳು ‘ಬೆಂಗಳೂರು ದಕ್ಷಿಣ’ ಜಿಲ್ಲೆ. ಅಂದರೆ ಕನಕಪುರದ ಮತದಾರ ಕಂದಾಯದ ಲೆಕ್ಕದಲ್ಲಿ ಬೆಂಗಳೂರು ದಕ್ಷಿಣದವನು, ಲೋಕಸಭೆಯ ಲೆಕ್ಕದಲ್ಲಿ ಬೆಂಗಳೂರು ಗ್ರಾಮಾಂತರದವನು. ಎರಡು ಬೆಂಗಳೂರು ಅವನ ಹೆಗಲ ಮೇಲಿವೆ. ನಲ್ಲಿ ನೀರು ಬಾರದಿದ್ದರೆ ಯಾವ ಬೆಂಗಳೂರನ್ನು ಕೇಳಬೇಕೆಂಬುದೊಂದೇ ಅವನ ತಕರಾರು.

ಹೆಸರು ಬದಲಾದರೂ ಕುಸ್ತಿ ಬದಲಾಗಲಿಲ್ಲ ಎನ್ನುವುದೊಂದು ಸಮಾಧಾನ. 2009ರಲ್ಲಿ ಕುಮಾರಸ್ವಾಮಿ. 2013ರ ಉಪಚುನಾವಣೆಯಲ್ಲಿ ಅವರ ಪತ್ನಿಯನ್ನು ಸೋಲಿಸಿ ಶಿವಕುಮಾರರ ತಮ್ಮ ಡಿ.ಕೆ. ಸುರೇಶ್. 2024ರಲ್ಲಿ ಸುರೇಶರನ್ನು ಎರಡೂವರೆ ಲಕ್ಷಕ್ಕೂ ಮೀರಿದ ಅಂತರದಲ್ಲಿ ಸೋಲಿಸಿ, ಬಿಜೆಪಿಯಿಂದ ಗೌಡರ ಅಳಿಯ ಡಾ. ಸಿ.ಎನ್. ಮಂಜುನಾಥ್. ಮಗ, ಸೊಸೆ, ತಮ್ಮ, ಅಳಿಯ! ಅಭ್ಯರ್ಥಿಗಳ ಪಟ್ಟಿಯೋ ಲಗ್ನಪತ್ರಿಕೆಯೋ ಎಂದು ಗೊತ್ತಾಗದೆ ಮತದಾರ ಒಮ್ಮೊಮ್ಮೆ ಮುಯ್ಯಿ ಕವರು ಹುಡುಕುತ್ತಾನೆ.

ಕನಕಪುರಕ್ಕೆ ರೈಲು ಬಂದೇ ಇಲ್ಲವೆಂದರೆ ಸುಳ್ಳಾದೀತು. ಕನಕಪುರ ರಸ್ತೆಗೆ ಬಂದಿದೆ. 2021ರಲ್ಲಿ ನಮ್ಮ ಮೆಟ್ರೋ ಆ ರಸ್ತೆಯಲ್ಲಿ ರೇಷ್ಮೆ ಸಂಸ್ಥೆಯ ತನಕ ಬಂದು ನಿಂತಿತು. ಊರಿನ ಹೆಸರಿಟ್ಟುಕೊಂಡ ರಸ್ತೆಯಲ್ಲಿ ಫ್ಲ್ಯಾಟು ಮಾರಾಟವಾಗುತ್ತದೆ, ಊರಿನ ಬೆಳೆಯ ಹೆಸರಿಟ್ಟುಕೊಂಡ ನಿಲ್ದಾಣದಲ್ಲಿ ರೈಲು ನಿಲ್ಲುತ್ತದೆ. ಗೂಡು ಬೆಳೆದವನ ಊರು ಅಲ್ಲಿಂದ ಇನ್ನೂ ದೂರ.

2026ರ ನಂತರದ ಜನಗಣತಿ ಮುಗಿದ ಮೇಲೆ ಮತ್ತೊಂದು ಮರುವಿಂಗಡಣೆ ಬರಲಿದೆ. ಆಗ ಹೆಸರು ಮತ್ತೆ ಬದಲಾಗಬಹುದು, ಟ್ರಂಕಿಗೆ ಆರನೆಯ ಕಾಗದವೂ ಬೀಳಬಹುದು. ಅಲ್ಲಿಯತನಕ, ಯೋಜನೆ, ಹಣಕಾಸು, ರೈಲ್ವೆ ಮೂರನ್ನೂ ನೋಡಿಕೊಂಡವರನ್ನು ಆರಿಸಿದ್ದ ಕನಕಪುರಕ್ಕೆ ಹೋಗುವವರು ದಯವಿಟ್ಟು ಬಸ್ಸು ಹತ್ತಿ.