ಕಾಯಿನ್ ಅಣ್ಣ

ಬೆಳಗಿನ ಮಾರಿಕುಪ್ಪಂ ರೈಲು ಊರಿಗಾಂನಲ್ಲಿ ನಿಂತರೆ ಒಬ್ಬರು ಒಂದು ಕೈಲಿ ಟಿಫನ್ ಡಬ್ಬಿ, ಇನ್ನೊಂದರಲ್ಲಿ ಮೊಬೈಲು ಹಿಡಿದು ಹತ್ತುತ್ತಾರೆ. ಡಬ್ಬಿಯನ್ನು ಯಾರ ತೊಡೆ ಮೇಲಾದರೂ ಇಟ್ಟಾರು, ಮೊಬೈಲು ಮಾತ್ರ ಕೈಬಿಡರು. ನಮ್ಮ ಬೋಗಿಯ ಕಾಯಿನ್ ಅಣ್ಣ ಇವರೇ. ಬಂಗಾರಪೇಟೆ ಬರುವಷ್ಟರಲ್ಲಿ ಬಿಟ್‌ಕಾಯಿನ್ ಎಷ್ಟಕ್ಕೇರಿತು, ಎಷ್ಟಕ್ಕಿಳಿಯಿತು ಎಂಬ ವರದಿ ಮುಗಿದಿರುತ್ತದೆ. ತಮ್ಮ ಹತ್ತಿರ ಎಷ್ಟಿದೆ ಎಂಬುದಷ್ಟೇ ಅದರಲ್ಲಿ ಬರುವುದಿಲ್ಲ.

ಅಣ್ಣನ ಅಪ್ಪ ಚಾಂಪಿಯನ್ ರೀಫ್ ಚಿನ್ನದ ಗಣಿಯವರು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. "ಅಪ್ಪ ಮೂರು ಕಿಲೋಮೀಟರ್ ಇಳಿದು ಯಾರಿಗೋ ಬಂಗಾರ ತೆಗೆದುಕೊಟ್ರು. ನಾನು ಕೂತಲ್ಲೇ ನನಗೆ ತೆಗೀತೀನಿ" ಎನ್ನುತ್ತಾರೆ. ಲಾಭಕ್ಕೆ 30% ತೆರಿಗೆಯಲ್ವಾ ಎಂದರೆ ಕೆಮ್ಮು ಬರುತ್ತದೆ.

ಅಣ್ಣನ ಬಿಟ್‌ಕಾಯಿನ್ ಖಜಾನೆಯ ಕೀಲಿಯೆಂದರೆ 12 ಇಂಗ್ಲಿಷ್ ಪದ. ಕ್ರಮವಾಗಿ ಹೇಳಿದವರದ್ದೇ ದುಡ್ಡು. ಮರೆತರೆ ಗೋಗರೆಯಲು ಮ್ಯಾನೇಜರೂ ಇಲ್ಲ.

"ಅತ್ತಿಗೆಗೆ ಹೇಳಿದ್ದೀರಾ ಅಣ್ಣಾ?"

"ಯಾಕೆ? ನಂಗೇನಾಗಿದೆ?"

ಕೆನಡಾದ ಜೆರಾಲ್ಡ್ ಕಾಟನ್ ಕಥೆ ಹೇಳಿದೆ. 2018ರ ಡಿಸೆಂಬರಿನಲ್ಲಿ ಜೈಪುರದಲ್ಲಿ ಸತ್ತ. ಅವನ ಬಿಟ್‌ಕಾಯಿನ್ ಎಕ್ಸ್‌ಚೇಂಜಿನ ಪಾಸ್‌ವರ್ಡ್ ಅವನೊಬ್ಬನಿಗೇ ಗೊತ್ತಿತ್ತಂತೆ. ತನಿಖೆ ಮಾಡಿದರೆ ಗಿರಾಕಿಗಳ ದುಡ್ಡು ಮೊದಲೇ ನುಂಗಿದ್ದ. ಅಣ್ಣ ನಿರಾಳವಾದರು. "ಅವನು ಕಳ್ಳ ಕಣಯ್ಯ. ನಾನು ಸಾಚಾ!"

ಹೋದ ಬೇಸಿಗೆಯಲ್ಲಿ ಸಾಚಾ ಮನುಷ್ಯನಿಗೆ ಸೋಡಿಯಂ ಇಳಿಯಿತು. ಮೂರು ದಿನ ಆಸ್ಪತ್ರೆಯಲ್ಲಿ ಹೆಂಡತಿಯನ್ನೇ "ಟಿಕೆಟ್ ತೋರ್ಸಿ" ಎಂದು ಗದರಿದರು. ಬಿಲ್ಲಿಗೆ ದುಡ್ಡು ಹುಡುಕುತ್ತ ಅತ್ತಿಗೆ ರಸಂ ಪುಡಿ ಡಬ್ಬದ ತಳ ಕೆದಕಿದಾಗ ಅರಿಶಿನ ಬಣ್ಣಕ್ಕೆ ತಿರುಗಿದ ಚೀಟಿಯೊಂದು ಸಿಕ್ಕಿತು: ಟೊಮೇಟೊ, ಅಂಕಲ್, ಟನಲ್... ಯಾವ ಅಂಕಲ್‌ಗೆ ಟೊಮೇಟೊ ಬಾಕಿಯಿದೆಯೋ ಎಂದು ಮಡಚಿ ಅಲ್ಲೇ ಇಟ್ಟು, ಕೈಬಳೆ ಬಿಚ್ಚಿಕೊಂಡು ರಾಬರ್ಟ್‌ಸನ್‌ಪೇಟೆಗೆ ಹೋದರು. ಅಡವಿನಂಗಡಿಯಲ್ಲಿ ದುಡ್ಡು ಕೈಗೆ ಬರಲು ಅರ್ಧ ಗಂಟೆಯೂ ಹಿಡಿಯಲಿಲ್ಲ. ಅಡವಿನ ಚೀಟಿ ಫ್ರಿಜ್ಜಿನ ಮೇಲಿದೆ; ಮನೆಯ ಮಕ್ಕಳಿಗೂ ಗೊತ್ತು.

ಅಣ್ಣ ಮತ್ತೆ ರೈಲು ಹತ್ತಿದಾಗ ಮೆತ್ತಗಾಗಿದ್ದರು. ಒಂದು ಪವರ್ ಆಫ್ ಅಟಾರ್ನಿ ಬರೆದುಬಿಡಲೇ ಎಂದು ವಕೀಲರ ಗುಮಾಸ್ತರೊಬ್ಬರನ್ನು ಕೇಳಿದರು. "ಬರೆದವನಿಗೆ ಬುದ್ಧಿ ಸ್ವಾಧೀನ ತಪ್ಪಿದ್ರೆ ಅದೂ ಬಿದ್ದುಹೋಗುತ್ತೆ ಸಾರ್. ಈಗ ಸರಿಯಿರೋವಾಗಲೇ ಅಮ್ಮಾವ್ರಿಗೆ ಹೇಳ್ಬಿಡಿ."

ಅಂದೇ ಅಣ್ಣ ಲಕೋಟೆಗೆ ಅರಗಿನ ಮುದ್ರೆ ಒತ್ತಿ ಅತ್ತಿಗೆಯ ಕೈಗಿಟ್ಟರು. ಅಣ್ಣ ಸ್ನಾನಕ್ಕೆ ಹೋದದ್ದೇ ಅತ್ತಿಗೆ ಒಡೆದು ನೋಡಿದರು. ಒಳಗೆ ಆರು ಪದ, ಕೆಳಗೊಂದು ಸಾಲು: "ಮಿಕ್ಕ ಆರು ನನ್ನನ್ನೇ ಕೇಳು."