ಒನ್ ಬೈ ಫಿಫ್ಟಿ ಭಾವ

ಮದುವೆ ಮನೆಯಲ್ಲಿ ಎಲ್ಲರ ಕಣ್ಣು ಮದುಮಕ್ಕಳ ಮೇಲಿರುವಾಗ ಒಬ್ಬರು ಮಾತ್ರ ಅಂಗಳದಲ್ಲಿ ನಿಂತು, ಹಣೆಗೆ ಕೈ ಅಡ್ಡ ಹಿಡಿದು ಸೂರ್ಯನನ್ನು ಅಳೆಯುತ್ತಿದ್ದರೆ ಅವರೇ ಡ್ರೋನ್ ಭಾವ. ಬೆಂಗಳೂರಿನಲ್ಲಿ ಕೆಲಸ, ಹೆಗಲಿಗೊಂದು ಕಪ್ಪು ಚೀಲ. ಸ್ವಭಾವತಃ ಸಾಧು ಮನುಷ್ಯ. ಮಕ್ಕಳು ಆ ಚೀಲ ಮುಟ್ಟಿದರೆ ಮಾತ್ರ ಸಿಟ್ಟು. ಅದರೊಳಗಿರುವುದು 249 ಗ್ರಾಮಿನ ಯಂತ್ರ. 2021ರ ಡ್ರೋನ್ ನಿಯಮಗಳ ಪ್ರಕಾರ 250 ಗ್ರಾಂವರೆಗಿನದ್ದು ‘ನ್ಯಾನೋ’, ಅದಕ್ಕೆ ಪೈಲಟ್ ಲೈಸೆನ್ಸ್ ಬೇಡ ಎಂಬುದನ್ನು ಕೇಳಿದವರಿಗೂ ಹೇಳುತ್ತಾರೆ, ಕೇಳದವರಿಗೂ ಹೇಳುತ್ತಾರೆ. ಅದು ಬರೀ ಪೀಠಿಕೆ. ನಿಜವಾದ ಪಾಠ ಶುರುವಾಗುವುದು ಶಟ್ಟರ್ ಬಂದಾಗ.

‘ವಿಡಿಯೋದಲ್ಲಿ ಸೆಕೆಂಡಿಗೆ ಎಷ್ಟು ಫ್ರೇಮೋ ಅದರ ಎರಡರಷ್ಟು ಶಟ್ಟರ್. ಇಪ್ಪತ್ತೈದು ಫ್ರೇಮಿಗೆ ಸೆಕೆಂಡಿನ ಒನ್ ಬೈ ಫಿಫ್ಟಿ. ಬರೆದಿಟ್ಟುಕೊಳ್ಳಿ.’ ಪಾಯಸ ಬಡಿಸಲು ಬಂದ ಹುಡುಗನಿಗೂ ಈ ಸೂತ್ರ ಗೊತ್ತಾಗಿರುತ್ತದೆ. ಸೂತ್ರದ ಬೇರಿರುವುದು ಹಿಂದಿನ ಸಿನಿಮಾ ಕ್ಯಾಮೆರಾಗಳಲ್ಲಿ. ಅಲ್ಲಿ ಅರ್ಧ ಕತ್ತರಿಸಿದ ತಟ್ಟೆಯೊಂದು ಫಿಲ್ಮಿನ ಮುಂದೆ ತಿರುಗುತ್ತಿತ್ತು. ಒಂದು ಫ್ರೇಮಿನ ಅರ್ಧ ಹೊತ್ತು ಬೆಳಕು, ಅರ್ಧ ಹೊತ್ತು ಕತ್ತಲೆ. ಓಡುವ ವಸ್ತು ಪ್ರತಿ ಫ್ರೇಮಿನಲ್ಲೂ ತುಸು ಮಸುಕಾಗಿ ಮೂಡಿದರೇ ಚಲನೆ ಕಣ್ಣಿಗೆ ಸರಾಗ. ಒಂದೊಂದು ಫ್ರೇಮೂ ಚೂಪಾಗಿದ್ದರೆ ವಿಡಿಯೋ ತಡವರಿಸಿದಂತೆ ಕಾಣುತ್ತದೆ. ಇಷ್ಟೂ ಸತ್ಯ. ಭಾವನವರ ದೊಡ್ಡ ತೊಂದರೆಯೇ ಅದು, ಅವರು ಹೇಳಿದ್ದು ಯಾವತ್ತೂ ಸುಳ್ಳಾಗುವುದಿಲ್ಲ.

ಸುಳ್ಳಾಗುವುದಿಲ್ಲ, ಆದರೆ ಹೊತ್ತಿಗೆ ಒದಗುವುದೂ ಇಲ್ಲ. ಅವರ ಡ್ರೋನಿನ ಲೆನ್ಸ್ ಎಫ್ 2.8ಕ್ಕೆ ಅಂಟಿಕೊಂಡಿದೆ, ಕಿರಿದಾಗಿಸುವ ಉಪಾಯವಿಲ್ಲ. ನಡು ಮಧ್ಯಾಹ್ನದ ಬಿಸಿಲಿಗೆ ಐಎಸ್‌ಒ 100ರಲ್ಲಿಟ್ಟರೂ ಅದು ಕೇಳುವುದು ಸುಮಾರು 1/3200. ಅಲ್ಲಿಂದ 1/50ಕ್ಕೆ ಇಳಿಯಬೇಕೆಂದರೆ ಬೆಳಕನ್ನು ಆರು ಸಲ ಅರ್ಧ ಮಾಡಬೇಕು. ಎಂದರೆ ಎನ್‌ಡಿ 64 ಫಿಲ್ಟರ್. ನಮ್ಮಮ್ಮನ ಭಾಷೆಯಲ್ಲಿ ‘ಡ್ರೋನಿನ ಕೂಲಿಂಗ್ ಗ್ಲಾಸು’. ಫೋಟೋಗೆ ಬೇಕಾದದ್ದು ಇದಕ್ಕೆ ಪೂರ್ತಿ ತಿರುಗುಮುರುಗು. ಅಲ್ಲಿ ಮಸುಕೇ ದೋಷ, 1/1000, 1/2000 ಎಂದು ಓಡಬೇಕು, ಗ್ಲಾಸು ತೆಗೆಯಬೇಕು. ಆಕಾಶದಲ್ಲಿರುವ ಯಂತ್ರಕ್ಕೆ ಅದನ್ನು ತೆಗೆಯಲು ಕೈಯಿಲ್ಲ. ಹಾಗಾಗಿ ಇಳಿಸಬೇಕು. ಜಗತ್ತಿನಲ್ಲಿ ನೋಡಲೇಬೇಕಾದ ಘಟನೆಗಳೆಲ್ಲ ಭಾವನವರ ಡ್ರೋನ್ ನೆಲದ ಮೇಲಿದ್ದಾಗಲೇ ನಡೆಯುತ್ತವೆ.

ಇದನ್ನು ಕಣ್ಣಾರೆ ಕಾಣಬೇಕೆಂದರೆ ಅವರನ್ನು ಕಂಬಳಕ್ಕೆ ಕರೆದುಕೊಂಡು ಹೋಗಬೇಕು. ಸಮಿತಿಯವರ ಒಪ್ಪಿಗೆ ಪಡೆದು, ಕೋಣಗಳು ಓಡುವ ಕೆಸರಿನ ಕರೆಯ ಬದಿಯಲ್ಲಿ ಜಾಗ ಹಿಡಿದ ಕೂಡಲೇ ಲೆಕ್ಕ ಶುರು. ‘2020ರಲ್ಲಿ ಐಕಳದಲ್ಲಿ ಶ್ರೀನಿವಾಸ ಗೌಡರು ಕೋಣಗಳ ಜೊತೆ 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದ್ದು ಗೊತ್ತುಂಟಲ್ಲ? ಸೆಕೆಂಡಿಗೆ ಹತ್ತೂವರೆ ಮೀಟರ್. ಒನ್ ಬೈ ಫಿಫ್ಟಿಯಲ್ಲಿ ಶಟ್ಟರ್ ಮುಚ್ಚುವುದರೊಳಗೆ ಮನುಷ್ಯ ಇಪ್ಪತ್ತೊಂದು ಸೆಂಟಿಮೀಟರ್ ಮುಂದೆ ಹೋಗಿರ್ತಾನೆ. ಅದೇ ಒನ್ ಬೈ ಟೂ ಥೌಸಂಡ್ ಆದರೆ ಬರೀ ಅರ್ಧ ಸೆಂಟಿಮೀಟರ್!’ ಪಕ್ಕದಲ್ಲಿದ್ದ ಚರುಂಬುರಿಯವನು ಪೊಟ್ಟಣ ಕಟ್ಟುವುದನ್ನು ನಿಲ್ಲಿಸಿ ತಲೆಯಾಡಿಸುತ್ತಾನೆ. ಅಷ್ಟರಲ್ಲಿ ಓಟ ಶುರುವಾಗುವ ಗಂತಿನಿಂದ ಹೊರಟ ಕೋಣದ ಜೋಡಿ ಓಟ ಮುಗಿಯುವ ಮಂಜೊಟ್ಟಿ ಮುಟ್ಟಿ, ಯಾರೋ ನಾಲ್ಕು ಮಂದಿ ಹಗ್ಗ ಹಿಡಿದೂ ಆಗಿರುತ್ತದೆ.

ಒಂದು ಕಂಬಳದಲ್ಲಿ ಡ್ರೋನ್ ಮೇಲೆ ಹಾರಿದ್ದು ವಿಡಿಯೋದ ಗ್ಲಾಸು ಹಾಕಿಕೊಂಡು. ಹಗ್ಗದ ಓಟವೇನೋ ಚೆನ್ನಾಗಿ ಸಿಕ್ಕಿತು. ಮುಂದೆ ಕನೆಹಲಗೆಯ ಸರದಿ. ಕೋಣಗಳು ಎಳೆಯುವ ಹಲಗೆಯ ತೂತಿನಿಂದ ಚಿಮ್ಮಿದ ಕೆಸರುನೀರು ಮೇಲೆ ಕಟ್ಟಿದ ನಿಶಾನೆಗೆ ತಾಗುವ ಆ ಗಳಿಗೆ ಫೋಟೋಗೆಂದೇ ಹುಟ್ಟಿದ್ದು, ಒಂದೊಂದು ಹನಿಯೂ ಬಿಡಿಬಿಡಿಯಾಗಿ ನಿಲ್ಲಬೇಕು. ಭಾವ ಡ್ರೋನ್ ಇಳಿಸಿದರು. ಉಗುರಿನಷ್ಟಗಲದ ಗ್ಲಾಸನ್ನು ಎರಡು ಬೆರಳಲ್ಲಿ ಹಿಡಿದು, ಉಸಿರು ಬಿಗಿಹಿಡಿದು ಎಳೆದರು. ಕ್ಲಿಕ್ಕೆಂದು ಬಂತು, ಬಂದದ್ದು ಹಾರಿ ಕೆಸರಿಗೆ ಬಿತ್ತು. ಹುಡುಕಿ, ಪಂಚೆಯ ತುದಿಯಲ್ಲಿ ಒರೆಸಿ, ಡಬ್ಬಿಗೆ ಹಾಕಿ, ಡ್ರೋನನ್ನು ಮತ್ತೆ ಆನ್ ಮಾಡಿದರೆ ಕ್ಯಾಮೆರಾ ತಲೆಯೆತ್ತಿ, ತಲೆ ತಗ್ಗಿಸಿ, ಅತ್ತಿತ್ತ ನೋಡಿ, ಆಮೇಲೆ ಉಪಗ್ರಹಗಳನ್ನು ಹುಡುಕುತ್ತಾ ಕೂತಿತು. ಕರೆಯ ಆ ತುದಿಯಿಂದ ಜನರ ಕೇಕೆ ಕೇಳಿಸಿತು. ನೀರು ನಿಶಾನೆಗೆ ತಾಗಿತ್ತು.

ಅಕ್ಕ ದೂರದಿಂದಲೇ ಕೂಗಿದಳು: ‘ನಿಮ್ಮ ಶಟ್ಟರ್ ತೆರೀತಾ, ಇಲ್ಲಾ ಇವತ್ತೂ ರಜೆಯಾ?’

ರಾತ್ರಿಯಾದರೆ ಮಾತ್ರ ಅವರಿಗೆ ಕೊಂಚ ನೆಮ್ಮದಿ. ನಮ್ಮ ಕರೆಂಟು 50 ಹರ್ಟ್ಸ್, ಅದನ್ನು ನಂಬಿದ ದೀಪಗಳು ಸೆಕೆಂಡಿಗೆ ನೂರು ಸಲ ಮಿಣುಕುತ್ತವೆ. 1/50 ಇಟ್ಟರೆ ಚಿತ್ರದಲ್ಲಿ ಪಟ್ಟೆ ಓಡುವುದಿಲ್ಲ. ಸೂತ್ರಕ್ಕೂ ವಿದ್ಯುತ್ ಇಲಾಖೆಗೂ ರಾಜಿಯಾಗುವ ಏಕೈಕ ಹೊತ್ತು ಅದು. ಆದರೂ ಒಂದು ಆರತಕ್ಷತೆಯ ವಿಡಿಯೋ ಪೂರ್ತಿ ಕಪ್ಪಾಗಿ ಬಂದದ್ದುಂಟು, ಹಗಲಿನ ಗ್ಲಾಸು ತೆಗೆಯಲು ಮರೆತು. ಆ ವಿಷಯವನ್ನು ನಮ್ಮ ಮನೆಯಲ್ಲಿ ಯಾರೂ ಎತ್ತುವುದಿಲ್ಲ, ಅಕ್ಕನೊಬ್ಬಳನ್ನು ಬಿಟ್ಟು.

ಕಂಬಳ ಮುಗಿದ ವಾರ, ಹಗ್ಗದ ಓಟದಲ್ಲಿದ್ದ ಕೋಣದ ಯಜಮಾನರು ನಮ್ಮ ಚಾವಡಿಗೆ ಬಂದು ಕೂತರು. ಗೋಡೆಗೆ ಹಾಕಲು ಒಂದು ಫೋಟೋ ಬೇಕು. ಫೋಟೋ ಎಲ್ಲಿದೆ? ಇದ್ದದ್ದು ಹಗ್ಗದ ಓಟದ ವಿಡಿಯೋ. ‘ಅದರಿಂದಲೇ ಒಂದು ತೆಗೆದುಕೊಡಿ’ ಎಂದರು. ಭಾವ ಬೆಚ್ಚಿಬಿದ್ದರು. ‘ಅದು ಫ್ರೇಮು ಯಜಮಾನ್ರೇ, ಫೋಟೋ ಅಲ್ಲ. ಒನ್ ಬೈ ಫಿಫ್ಟಿಯಲ್ಲಿ ತೆಗೆದದ್ದು. ನಿಲ್ಲಿಸಿದರೆ ಎಲ್ಲ ಕಲಸಿಹೋಗಿರ್ತದೆ.’ ಯಜಮಾನರು ಬಿಡಲಿಲ್ಲ. ಒಲ್ಲದ ಮನಸ್ಸಿನಿಂದ ನಿಲ್ಲಿಸಿ ತೋರಿಸಿದರು. ಎರಡು ಕೋಣಕ್ಕೆ ಹದಿನಾರು ಕಾಲು, ಓಡಿಸುವವನಿಗೆ ಮುಖವೇ ಇಲ್ಲ, ನೀರೆಲ್ಲ ಹೊಗೆ.

ಯಜಮಾನರು ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು.

‘ಎಂಥ ಸ್ಪೀಡು ಮಾರಾಯ್ರೆ ನಮ್ಮ ಕೋಣ! ನಿಮ್ಮ ಮಿಷನ್ನಿಗೇ ಹಿಡಿಯಲಿಕ್ಕಾಗಲಿಲ್ಲ ನೋಡಿ.’

ಈಗ ಆ ಚಿತ್ರ ಮೂರಡಿ ಅಗಲಕ್ಕೆ ಹಿಗ್ಗಿ, ಚಿನ್ನದ ಬಣ್ಣದ ಚೌಕಟ್ಟಿನೊಳಗೆ ಅವರ ಚಾವಡಿಯಲ್ಲಿದೆ. ಕೆಳಗೆ ಭಾವನ ಹೆಸರನ್ನೂ ದಪ್ಪ ಅಕ್ಷರದಲ್ಲಿ ಬರೆಸಿದ್ದಾರೆ. ಆ ದಾರಿಯಾಗಿ ಹೋಗುವುದನ್ನು ಭಾವ ಬಿಟ್ಟಿದ್ದಾರೆ. ಯಜಮಾನರು ಫೋನು ಮಾಡುವುದನ್ನು ಬಿಟ್ಟಿಲ್ಲ. ಬರುವ ವರ್ಷ ಕಿರಿಯ ಜೋಡಿಯದ್ದೂ ಹೀಗೇ ಒಂದು ಬೇಕಂತೆ, ಕಾಲು ಇನ್ನೂ ನಾಲ್ಕು ಹೆಚ್ಚು ಬಂದರೆ ಒಳ್ಳೆಯದಂತೆ.