ಅಥಾತೋ ಸುಳಿವು ಜಿಜ್ಞಾಸಾ

ಯಾವ ಶಾಸ್ತ್ರವಾದರೂ ಮೊದಲು ಅಧಿಕಾರಿ ಯಾರೆಂದು ಹೇಳಬೇಕು. ಭಾನುವಾರದ ಪೇಪರು ಬಂದೊಡನೆ ಪದಬಂಧದ ಪುಟವನ್ನು ಎತ್ತಿಟ್ಟುಕೊಂಡು, ಯುದ್ಧ, ಬಜೆಟ್ಟು, ವಧೂವರರನ್ನೆಲ್ಲ ಮನೆಯ ಉಳಿದವರಿಗೆ ಬಿಟ್ಟುಕೊಡುವ ವಿರಕ್ತನೇ ಸುಳಿವುಶಾಸ್ತ್ರಕ್ಕೆ ಅಧಿಕಾರಿ. ಹಾಗೆಂದು ಪದಬಂಧ ಬಿಡಿಸುವುದೇ ಸಾಧನೆಯಲ್ಲ, ಅದು ಕರ್ಮಕಾಂಡ. ಒಂದು ಪದವನ್ನು ಕೈಗಿತ್ತು, ‘ಇದಕ್ಕೆ ನೀನೇ ಸುಳಿವು ಹೊಸೆದು ಸ್ಪರ್ಧೆಗೆ ಕಳಿಸು’ ಎಂದಾಗ ಜ್ಞಾನಕಾಂಡ ಶುರು. ನಿದ್ದೆ ಹೋಗುವುದೂ ಅಲ್ಲಿಂದಲೇ.

ಇನ್ನು ಗುರುಪರಂಪರೆ. ಲಂಡನ್ನಿನ ‘ಅಬ್ಸರ್ವರ್’ ಪತ್ರಿಕೆಯ ಪದಬಂಧಕ್ಕೆ 1926ರಲ್ಲಿ ಆದ್ಯಾಚಾರ್ಯರಾಗಿ ಬಂದವರು ಎಡ್ವರ್ಡ್ ಪೋವಿಸ್ ಮೇದರ್ಸ್, ನಾಮಾಂತರ ಟಾರ್ಕ್ವಿಮಾಡ. ಇದು ಸ್ಪೇನಿನಲ್ಲಿ ಪಾಷಂಡಿಗಳನ್ನು ವಿಚಾರಿಸಿಕೊಳ್ಳುತ್ತಿದ್ದ ಮಹಾನುಭಾವನ ಹೆಸರು. ಓದುಗರನ್ನು ಹೇಗೆ ನಡೆಸಿಕೊಳ್ಳುತ್ತೇನೆಂದು ಇಷ್ಟು ಪ್ರಾಮಾಣಿಕವಾಗಿ ಮೊದಲೇ ಹೇಳಿದ ಗುರು ಮತ್ತೊಬ್ಬರಿಲ್ಲ. 1939ರಲ್ಲಿ ಅವರು ತೀರಿಕೊಂಡ ಮೇಲೆ ಪೀಠವೇರಿದವರು ಲ್ಯಾಟಿನ್, ಗ್ರೀಕ್ ಮೇಷ್ಟ್ರಾಗಿದ್ದ ಡಿ. ಎಸ್. ಮ್ಯಾಕ್‌ನಟ್, ಅರ್ಥಾತ್ ಝಿಮಿನೀಸ್. 1972ರಲ್ಲಿ ಜೊನಾಥನ್ ಕ್ರೌದರ್ ಬಂದರು. ಅವರು ಆರಿಸಿಕೊಂಡದ್ದು ಡೇಸಾ ಎಂಬ ಇನ್ನೊಬ್ಬ ವಿಚಾರಣಾಧಿಕಾರಿಯನ್ನು. ಸ್ಪೇನಿನ ಸರದಿಯಲ್ಲಿ ಡೇಸಾ ಎರಡನೆಯವನು, ಇಲ್ಲಿ ಮೂರನೆಯವನಾದ. ಕ್ರಮಭಂಗಕ್ಕೆ ಪ್ರಾಯಶ್ಚಿತ್ತವೋ ಎಂಬಂತೆ ಅವನ ಹೆಸರಿನ ಇಂಗ್ಲಿಷ್ ಅಕ್ಷರಗಳನ್ನೂ ಹಿಂದುಮುಂದು ಮಾಡಿ ‘ಎಝೆಡ್’ ಎಂದಿಟ್ಟುಕೊಂಡರು.

ಪರಂಪರೆಯ ಸೂತ್ರಕಾರರು ಝಿಮಿನೀಸರೇ. 1966ರ ಅವರ ಗ್ರಂಥದ ಸಾರವನ್ನು ಎಝೆಡ್ ಸುಳಿವಿನ ಮೂರು ಅಂಗಗಳಾಗಿ ಹೇಳಿದ್ದಾರೆ. ಮೊದಲನೆಯದು ಉತ್ತರದ ಕರಾರುವಾಕ್ಕಾದ ಅರ್ಥ. ಎರಡನೆಯದು ಅಕ್ಷರಗಳಿಂದ ಉತ್ತರ ಕಟ್ಟಿಕೊಳ್ಳಲು ನ್ಯಾಯವಾದ ದಾರಿ. ಮೂರನೆಯದು, ಬೇರೇನೂ ಇಲ್ಲದಿರುವುದು. ಮೊದಲೆರಡು ಮಕ್ಕಳಿಗೂ ತಿಳಿಯುತ್ತವೆ. ಮೂರನೆಯದರಲ್ಲಿ ಪಂಡಿತರಿಗೂ ಕಾಲು ಜಾರುತ್ತದೆ. ಇಲ್ಲದ್ದು ಅಂಗವಾಗುವುದು ಹೇಗೆಂದು ಪೂರ್ವಪಕ್ಷ. ವೈಶೇಷಿಕರು ಅಭಾವವನ್ನು ಏಳನೆಯ ಪದಾರ್ಥವೆಂದು ಒಪ್ಪಿದ್ದಾರಲ್ಲ, ಮೇಷ್ಟ್ರು ಒಪ್ಪಿದರೆ ನಿಮ್ಮ ಗಂಟೇನು ಹೋಯಿತು ಎಂದು ಸಿದ್ಧಾಂತ.

ಉದಾಹರಣೆ ನೋಡೋಣ: ‘ದವಡೆಯಲ್ಲಿ ಅಡಗಿದ ತಿಂಡಿ (2)’. ಓದಿದ ಕೂಡಲೇ ಸಾಮಾನ್ಯ ಜೀವ ನಾಲಿಗೆಯಿಂದ ಹಲ್ಲಿನ ಸಂದು ತಡಕಿಕೊಳ್ಳುತ್ತದೆ. ಅಧಿಕಾರಿಯಾದವನು ‘ದವಡೆ’ ಎಂಬ ಪದದೊಳಗೆ ಕೈಹಾಕಿ ‘ವಡೆ’ಯನ್ನು ಎತ್ತಿಕೊಳ್ಳುತ್ತಾನೆ. ತಿಂಡಿ ಎಂಬುದು ಅರ್ಥ, ದವಡೆಯಲ್ಲಿ ಅಡಗಿದ ಎಂಬುದು ದಾರಿ, ಮಿಕ್ಕಿದ್ದು ಅಭಾವ. ಇಡ್ಲಿ ಏಕಾಗಬಾರದು ಎಂದು ಪೂರ್ವಪಕ್ಷಿ ಕೇಳುತ್ತಾನೆ. ಇಡ್ಲಿಗೆ ದವಡೆಯೇ ಬೇಕಿಲ್ಲ ಎಂಬ ಸಮಾಧಾನ ಚೆನ್ನಾಗಿದ್ದರೂ ತರ್ಕಶುದ್ಧವಲ್ಲ. ಅಕ್ಷರಗಳು ಒಪ್ಪುವುದಿಲ್ಲ ಎಂಬುದೇ ಸರಿಯಾದ ಉತ್ತರ.

ಈಗ ಒಬ್ಬ ಉತ್ಸಾಹಿ ಸ್ಪರ್ಧಿ ಇದನ್ನೇ ‘ಅಜ್ಜನ ದವಡೆಯಲ್ಲಿ ಅಡಗಿದ ತಿಂಡಿ’ ಎಂದು ಬರೆದು ಕಳಿಸಿದನೆನ್ನಿ. ಚಿತ್ರ ಇನ್ನೂ ಸೊಗಸಾಯಿತು, ಅಜ್ಜ ಕಣ್ಣೆದುರು ಬಂದು ಕೂತರು. ಆದರೆ ಅವರು ಅರ್ಥಕ್ಕೂ ಇಲ್ಲ, ಅಕ್ಷರಕ್ಕೂ ಇಲ್ಲ. ಎಷ್ಟೇ ಹಿರಿಯರಾಗಲಿ, ಹಲ್ಲುಸೆಟ್ಟಿನ ಸಮೇತ ಎದ್ದುಹೋಗಬೇಕು. ಅಭಾವಾಂಗಭಂಗವೆಂದರೆ ಇದೇ. ಸ್ಪರ್ಧೆಯಲ್ಲಿ ಬಹುಮಾನಗಳು ಹೋಗುವುದು ಹೆಚ್ಚಾಗಿ ಇಂಥ ಅಜ್ಜಂದಿರಿಂದ ಎಂದು ನಮ್ಮ ಗುಮಾನಿ.

ಸುಳಿವಿನಲ್ಲಿ ಉತ್ತಮೋತ್ತಮ ಜಾತಿ ಬೇರೆ. ‘ತಲೆ ಹಾರಿದ ಮರಣವೇ ಕಾಳಗ (2)’ ಎನ್ನಿ. ‘ಮರಣ’ದ ತಲೆ ಹಾರಿಸಿದರೆ ‘ರಣ’. ಸುಳಿವು ಹೇಳುವ ಕಥೆಯೂ ಉತ್ತರದ ಕಥೆಯೂ ಒಂದೇ ಆಗಿ, ಬಿಡಿಸಿದವನು ಕ್ಷಣಕಾಲ ಸಿಟ್ಟನ್ನೇ ಮರೆಯುತ್ತಾನೆ. ‘ಮರಣವೇ’ ಎಂಬಲ್ಲಿನ ‘ವೇ’ ಏನಾಯಿತು ಎಂದು ವೈಯಾಕರಣರು ಗಂಟಲೇರಿಸಬಹುದು. ವಿಭಕ್ತಿ, ಅವಧಾರಣೆಗಳು ಅಂಟಿಕೊಂಡೇ ಹುಟ್ಟುವ ಕನ್ನಡದಲ್ಲಿ ಈ ಗಲಾಟೆ ತಪ್ಪಿದ್ದಲ್ಲ. ‘ರಣವೇ ಕಾಳಗ’ ಎಂದು ಓದಿಕೊಂಡು ಸುಮ್ಮನಾಗುವುದು ಒಳ್ಳೆಯದು.

ನಮ್ಮ ಆಲಂಕಾರಿಕ ದಂಡಿಯೂ ಈ ದಾರಿಯಲ್ಲಿ ನಡೆದವನೇ. ಕಾವ್ಯಾದರ್ಶದಲ್ಲಿ 16 ಬಗೆಯ ಪ್ರಹೇಲಿಕೆಗಳನ್ನು, ಅಂದರೆ ಒಗಟುಗಳನ್ನು, ಹೆಸರಿಟ್ಟು ಕೂರಿಸಿದ್ದಾನೆ. ಹಿಂದಿನವರು ಇನ್ನೂ 14 ದುಷ್ಟ ಪ್ರಹೇಲಿಕೆಗಳನ್ನು ಹೇಳಿದ್ದಾರೆಂದು ಒಪ್ಪಿಕೊಂಡು, ದೋಷಗಳಿಗೆ ಕೊನೆಯೆಲ್ಲಿ ಎಂದು ಅವುಗಳ ತಂಟೆಗೇ ಹೋಗಲಿಲ್ಲ. ಸುಳಿವು ಸ್ಪರ್ಧೆಯ ತೀರ್ಪುಗಾರನಿಗೆ ಆ ಭಾಗ್ಯವಿಲ್ಲ. ಪ್ರತಿಯೊಬ್ಬನ ಅಜ್ಜನನ್ನೂ ಅವನು ಓದಿಯೇ ತೀರಬೇಕು.

‘ಅಬ್ಸರ್ವರ್’ ಗುರುಗಳ ಸ್ಪರ್ಧೆಯ ವಿಧಿ ಹೀಗಿತ್ತು: ಮೊದಲು ಇಡೀ ಪದಬಂಧ ಬಿಡಿಸಬೇಕು, ಆಮೇಲೆ ಅದರಲ್ಲಿ ಬರೀ ಅರ್ಥ ಕೊಟ್ಟು ಬಿಟ್ಟ ಪದವೊಂದಕ್ಕೆ ಒಗಟಿನ ಸುಳಿವು ಹೆಣೆಯಬೇಕು. ಶಬ್ದಪ್ರಮಾಣ ಚೇಂಬರ್ಸ್ ನಿಘಂಟು. ಅದರಲ್ಲಿದ್ದರೆ ಲೋಕದಲ್ಲಿ ಇಲ್ಲದಿದ್ದರೂ ಉಂಟು. ಬಹುಮಾನ ಬಂದವರು, ಬಲು ಮೆಚ್ಚುಗೆ ಪಡೆದವರು, ಬರೀ ಮೆಚ್ಚುಗೆ ಪಡೆದವರು ಎಂದು ತೀರ್ಪಿನ ಚೀಟಿಯಲ್ಲಿ ಮೇಲುಕೀಳಿನ ಸಾಲು. ಹೆಸರು ಬಾರದವರು ತೀರ್ಪುಗಾರನ ಅಭಿರುಚಿಯನ್ನು ಶಂಕಿಸುವುದು ಸಂಪ್ರದಾಯ.

ಕೊನೆಗೆ ಫಲಶ್ರುತಿ. ಈ ಸ್ಪರ್ಧೆಗಳಿಗೆ ಸುಳಿವು ಕಳಿಸುತ್ತಿದ್ದವರಲ್ಲಿ ಕಾಲಿನ್ ಡೆಕ್ಸ್‌ಟರ್ ಒಬ್ಬರು. ಡೆಕ್ಸ್‌ಟರ್ ಅವರ ಪ್ರತಿಸ್ಪರ್ಧಿ, ಬ್ಯಾಂಕೊಂದರ ಅಧ್ಯಕ್ಷರೂ ಆಗಿದ್ದ ಸರ್ ಜೆರೆಮಿ ಮೋರ್ಸ್. ‘ಮಿಸೆಸ್ ಬಿ. ಲೂಯಿಸ್’ ಎಂಬ ಹೆಸರಿನಲ್ಲಿ ಬರೆಯುತ್ತಿದ್ದವರು ಇನ್ನೊಬ್ಬ ಪ್ರತಿಸ್ಪರ್ಧಿ. 1975ರಲ್ಲಿ ಡೆಕ್ಸ್‌ಟರ್ ಪತ್ತೇದಾರಿ ಕಾದಂಬರಿ ಬರೆದಾಗ ಬ್ಯಾಂಕಿನವರ ಹೆಸರು ಇನ್‌ಸ್ಪೆಕ್ಟರಿಗೆ ಹೋಯಿತು, ಶ್ರೀಮತಿಯವರದು ಗಂಡು ಸಾರ್ಜೆಂಟಿಗೆ. ಹಾಗಾಗಿ ಸುಳಿವುಸಾಧಕರಿಗೆ ಬಹುಮಾನಕ್ಕಿಂತ ಶಾಶ್ವತವಾದ ಫಲ ಬೇಕಿದ್ದರೆ, ತಮ್ಮ ಎದುರಾಳಿ ಕಾದಂಬರಿಗೀದಂಬರಿ ಬರೆಯುತ್ತಾನೆಯೇ ಎಂದು ಮೊದಲೇ ವಿಚಾರಿಸಿಕೊಂಡು ಅಂಥವನಿಗೇ ಸೋಲತಕ್ಕದ್ದು.